ಆಕಾಶದ ಧೂಳು, ಕಳೆದುಹೋದ ಕೂಲಿಂಗ್ ಗ್ಲಾಸ್

ಸುಮಾ ಚಿಕ್ಕಮ್ಮ: (ಫಾರ್ವರ್ಡ್) ಎಚ್ಚರ!! ಬಾಹ್ಯಾಕಾಶದ ಕಾಂತಶಕ್ತಿ ನಕ್ಷತ್ರಗಳ ಬೆಳಕನ್ನೇ ತಿರುಚುತ್ತಿದೆ. ವಿಜ್ಞಾನಿಗಳಿಗೇ ಶಾಕ್! ಎಲ್ಲರಿಗೂ ಕಳಿಸಿ.

ಸುಮಾ ಚಿಕ್ಕಮ್ಮ: ಅದಕ್ಕೇ ನನಗೆ ಎರಡು ವಾರದಿಂದ ತಲೆನೋವು. ಹೇಳಿದರೆ ಯಾರೂ ನಂಬಲಿಲ್ಲ.

ಅನಿಲ: ಯಾವ ವಿಜ್ಞಾನಿ ಚಿಕ್ಕಮ್ಮ? ಶಾಕ್ ಆಗಿದ್ದು 1949ರಲ್ಲಿ. ಬಿಸಿ ನಕ್ಷತ್ರಗಳ ಬೆಳಕಿನಲ್ಲಿ ಧ್ರುವೀಕರಣ ಇರಬೇಕು ಅಂತ ಖಗೋಳ ವಿಜ್ಞಾನಿ ಚಂದ್ರಶೇಖರ್ ಹೇಳಿದ್ದರು. ಹಿಲ್ಟ್ನರ್, ಹಾಲ್ ಅನ್ನುವ ಖಗೋಳ ವಿಜ್ಞಾನಿಗಳು ಅದನ್ನು ಹುಡುಕಲು ಹೋದರು. ಸಿಕ್ಕಿದ್ದು ಬೇರೆಯೇ. ಧ್ರುವೀಕರಣ ಆಗಿದ್ದು ನಕ್ಷತ್ರದಲ್ಲಲ್ಲ, ದಾರಿಯಲ್ಲಿರುವ ಧೂಳಿನಲ್ಲಿ.

ಸುಮಾ ಚಿಕ್ಕಮ್ಮ: ಧ್ರುವೀಕರಣ ಅಂದರೆ ಚುನಾವಣೆ ಹೊತ್ತಲ್ಲಿ ಹೇಳ್ತಾರಲ್ಲ, ಅದಾ?

ದೊಡ್ಡಪ್ಪ: ಗುಂಪಿನಲ್ಲಿ ರಾಜಕೀಯ ಬೇಡ.

ಅನಿಲ: ರಾಜಕೀಯ ಅಲ್ಲ ದೊಡ್ಡಪ್ಪ! ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಸಮನಾಗಿ ಕಂಪಿಸುವ ಬದಲು ಒಂದು ದಿಕ್ಕಿನಲ್ಲಿ ಹೆಚ್ಚು ಕಂಪಿಸಿದರೆ ಅದು ಧ್ರುವೀಕರಣ. ಆ ಧೂಳಿನ ಕಣಗಳು ಉದ್ದುದ್ದ ಇರುತ್ತವೆ, ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ನಿಂತು ಗಿರಗಿರ ತಿರುಗುತ್ತವೆ, ಹಾಗಾಗಿ ಆ ಅಡ್ಡ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಸ್ವಲ್ಪ ಜಾಸ್ತಿ ತಡೆಯುತ್ತವೆ. ದಾಟಿ ಬಂದ ಬೆಳಕು ನೋಡಿದರೆ ಕ್ಷೇತ್ರ ಯಾವ ಕಡೆಗಿದೆ ಅಂತ ಗೊತ್ತಾಗುತ್ತದೆ. ತಿರುಚೋದೂ ಇಲ್ಲ, ಗಿರುಚೋದೂ ಇಲ್ಲ.

ದೊಡ್ಡಪ್ಪ: ನೋಡಿ, ಧೂಳಿಗೂ ಶಿಸ್ತಿದೆ. ಇಲ್ಲಿ ಗುಡ್ ಮಾರ್ನಿಂಗ್ ಹಾಕಿದರೆ ತಿರುಗಿ ಹಾಕುವವರಿಲ್ಲ.

ರಮೇಶ: ತಾರಸಿ ಮೇಲೆ ಸಾಲಾಗಿ ಮಲಗಿ ನಕ್ಷತ್ರ ಎಣಿಸುತ್ತಿದ್ದೆವಲ್ಲ, ಆಹಾ! ನಡುವೆ ಒಂದು ಕಪ್ಪು ತೇಪೆ. ಅಜ್ಜಿ ಅದನ್ನು ಆಕಾಶದ ತೂತು ಅನ್ನುತ್ತಿದ್ದರು.

ಅನಿಲ: ತೂತಲ್ಲ, ಧೂಳಿನ ಮೋಡ. ನಕ್ಷತ್ರ ಹುಟ್ಟುವುದೇ ಅಂಥ ಮೋಡಗಳಲ್ಲಿ. ಮೋಡ ತನ್ನ ಭಾರಕ್ಕೇ ಕುಸಿಯುವಾಗ ಕಾಂತಕ್ಷೇತ್ರ ತಡೆಯುತ್ತದೆ. ಎಷ್ಟು ಬಲವಾಗಿ ಅಂತ ಅಳೆಯಲು ಚಂದ್ರಶೇಖರ್ ಮತ್ತು ಭೌತವಿಜ್ಞಾನಿ ಫರ್ಮಿ 1953ರಲ್ಲಿ ದಾರಿ ತೋರಿಸಿದರು. ಬೆಳಕು ಕಂಪಿಸುವ ದಿಕ್ಕುಗಳು ಚೆಲ್ಲಾಪಿಲ್ಲಿ ಇದ್ದಷ್ಟೂ ಕ್ಷೇತ್ರ ದುರ್ಬಲ. ಈ ಗುಂಪಿನ ಅಡ್ಮಿನ್ ತರಹ.

ದೊಡ್ಡಪ್ಪ: ಅಡ್ಮಿನ್ ನಾನು.

ಸುಮಾ ಚಿಕ್ಕಮ್ಮ: ಹೋದ ವರ್ಷ ಅನಿಲ ಏನೇನೋ ಹಾಕಿದಾಗ ನಾವು ಯಾವ ವಿಜ್ಞಾನಿ ಅಂತ ಕೇಳಿದ್ವಾ?

ಅನಿಲ: ಅದು ಜೋಕು ಚಿಕ್ಕಮ್ಮ. ಒಂದು ದಿಕ್ಕಿನ ಕಂಪನವನ್ನಷ್ಟೇ ಬಿಡುವ ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಟ್ಯಾಬ್ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಧೂಳೂ ಅದನ್ನೇ ಮಾಡುವುದು, ಆದರೆ ನೂರಕ್ಕೆ ಒಂದೆರಡು ಪಾಲು ಅಷ್ಟೇ. ವಿಡಿಯೋ ಹಾಕುತ್ತಿದ್ದೆ, ಆದರೆ ನನ್ನ ಗ್ಲಾಸು ರಮೇಶಣ್ಣ ತೆಗೆದುಕೊಂಡು ಹೋಗಿ ಎರಡು ವರ್ಷ ಆಯಿತು.

ರಮೇಶ: ಅವತ್ತೇ ವಾಪಸ್ ಇಟ್ಟಿದ್ದೆ ಮಾರಾಯ! ಎಷ್ಟು ಸಲ ಹೇಳಲಿ?

ಸುಮಾ ಚಿಕ್ಕಮ್ಮ: ಕಪ್ಪುದು, ಒಂದು ಕಡ್ಡಿ ಸಡಿಲ ಇರೋದಾ? ನನ್ನ ಬ್ಯಾಗಲ್ಲಿ ಸಿಕ್ಕಿತು. ತಲೆನೋವಿಗೆ ಅಂತ ಹಾಕಿಕೊಂಡೇ ಇದ್ದೇನೆ.

ಸುಮಾ ಚಿಕ್ಕಮ್ಮ: ಅಯ್ಯೋ, ಟ್ಯಾಬ್ ಅಡ್ಡ ಹಿಡಿದರೆ ಕಪ್ಪಾಗುತ್ತಿದ್ದುದು ಅದಕ್ಕೇನಾ? ಕೆಟ್ಟಿದೆ ಅಂತ ನಿನ್ನೆ ರಿಪೇರಿಗೆ ಕೊಟ್ಟುಬಿಟ್ಟೆ.