ಮನೆ ನೋಡಿಕೊಳ್ಳುತ್ತಿದ್ದ ಅತ್ತಿಗೆಯ ಜೀವಕ್ಕೆ ಬೆಲೆ ಕಟ್ಟುವುದು ಹೇಗೆ?

ಶಿರಾದ ತಮ್ಮ:
ನಮಸ್ಕಾರ. ಹೋದ ವರ್ಷ ನಮ್ಮ ಅತ್ತಿಗೆ ರಸ್ತೆ ದಾಟುವಾಗ ಲಾರಿ ಗುದ್ದಿ ತೀರಿಕೊಂಡರು. 38 ವರ್ಷ. ಮನೆಯಲ್ಲಿ ಈಗ ಅಣ್ಣ, ಇಬ್ಬರು ಮಕ್ಕಳು, ನಮ್ಮಮ್ಮ. ಕ್ಲೈಮ್ ಕೇಸು ನಡೀತಾ ಇದೆ. ಮೊನ್ನೆ ಪಾಟೀಸವಾಲಿನಲ್ಲಿ ವಿಮೆಯವರ ವಕೀಲರು "ನಿಮ್ಮ ಹೆಂಡತಿಗೆ ಆದಾಯ ಇರಲಿಲ್ಲ ಅಲ್ವಾ?" ಅಂತ ಕೇಳಿದರು. ಅಣ್ಣ "ಇಲ್ಲ ಸ್ವಾಮಿ, ಮನೆಯಲ್ಲೇ ಇದ್ದಳು" ಎಂದುಬಿಟ್ಟ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹಸು ಕರೆದು, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಅಮ್ಮನಿಗೆ ಮಾತ್ರೆ ಕೊಟ್ಟು, ಆಮೇಲೆ ಹೊಲಕ್ಕೂ ಹೋಗುತ್ತಿದ್ದ ಹೆಂಗಸು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಅಮೆರಿಕದಲ್ಲಿ ಸರ್ಕಾರವೇ ಒಂದು ಜೀವಕ್ಕೆ ನೂರು ಕೋಟಿ ಲೆಕ್ಕ ಹಾಕುತ್ತದೆ ಅಂತ ಎಲ್ಲೋ ಓದಿದೆ. ನಿಜವಾ? ಹಾಗಾದರೆ ನಮ್ಮಲ್ಲಿ ಯಾವ ಲೆಕ್ಕ?

ವಕೀಲಿ ಕೆಲಸದವಳು:
ತಮ್ಮಾ, ಮೊದಲು ನಿಮ್ಮ ಅಣ್ಣನಿಗೆ ಧೈರ್ಯ ಹೇಳಿ. ಆ ಒಂದು ಮಾತಿನಿಂದ ಕೇಸು ಬಿದ್ದುಹೋಗಲ್ಲ.

ಲೆಕ್ಕ ಹೀಗಿದೆ. ತಿಂಗಳ ಆದಾಯ ಹಿಡಿಯುತ್ತಾರೆ. ಸಂಬಳದ ಚೀಟಿ ಇಲ್ಲದವರಿಗೆ ಅಂದಾಜು ಆದಾಯ. ಅದಕ್ಕೆ ಕರ್ನಾಟಕದಲ್ಲಿ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿ ಇದೆ, ನಮ್ಮ ಹೈಕೋರ್ಟೂ ಅದನ್ನು ಬಳಸುತ್ತದೆ. ಲೆಕ್ಕ ತಿಳಿಯಲಿ ಅಂತ ಸುಮ್ನೆ 12,000 ಅಂದುಕೊಳ್ಳಿ. ನಲವತ್ತರ ಒಳಗಿನವರಾದ್ದರಿಂದ ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ 40% ಸೇರಿಸುತ್ತಾರೆ, 16,800 ಆಯಿತು. ನಂಬಿದವರು ನಾಲ್ಕು ಜನ ಇದ್ದರೆ ತೀರಿಹೋದವರ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ, ಉಳಿಯುವುದು 12,600. ವರ್ಷಕ್ಕೆ 1,51,200. 36ರಿಂದ 40 ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, 15. ಒಟ್ಟು 22,68,000. ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನದು, 40%ರ ಮಾತು 2017ರ ಪ್ರಣಯ್ ಸೇಠಿ ತೀರ್ಪಿನದು. ಇದರ ಮೇಲೆ ಅಂತ್ಯಕ್ರಿಯೆಗೆ 15,000, ಅವರು ಬದುಕಿದ್ದರೆ ಕೂಡಿಡುತ್ತಿದ್ದ ಆಸ್ತಿಯ ನಷ್ಟಕ್ಕೆ 15,000, ಸಾಂಗತ್ಯ ಹೋದದ್ದಕ್ಕೆ ಗಂಡನಿಗೂ ಒಂದೊಂದು ಮಗುವಿಗೂ 40,000. ಇವು 2017ರ ಮೊತ್ತಗಳು, ಅಲ್ಲಿಂದ ಈ ಮೂರೂ ಮೂರು ವರ್ಷಕ್ಕೊಮ್ಮೆ 10% ಏರುತ್ತವೆ.

ಗೃಹಿಣಿಯರ ವಿಷಯ ಬೇರೆಯೇ ಹೇಳಬೇಕು. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಪಟ್ಟಿಯಲ್ಲಿ, ದುಡಿಯದ ಹೆಂಡತಿಯ ಆದಾಯ ಅಂದರೆ ಗಂಡನ ಆದಾಯದ ಮೂರರಲ್ಲಿ ಒಂದು ಭಾಗ ಅಂತ ಬರೆದಿದ್ದರು! ಗಂಡ ಬಡವನಾದರೆ ಅವಳ ಅಡುಗೆಗೂ ಬೆಲೆ ಕಡಿಮೆ. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ "ಕೆಲಸ ಮಾಡದವರು" ಅಂತ ಒಂದೇ ಗುಂಪಿಗೆ ಸೇರಿಸಿದ್ದನ್ನು ಸುಪ್ರೀಂ ಕೋರ್ಟೇ 2010ರಲ್ಲಿ ಎತ್ತಿ ತೋರಿಸಿತು. ಆಮೇಲೆ 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪು ಬಂತು. ಮನೆಗೆಲಸಕ್ಕೂ ಅಂದಾಜು ಆದಾಯ ಹಿಡಿಯಬೇಕು, ಆ ಭವಿಷ್ಯದ ಹೆಚ್ಚಳ ಗೃಹಿಣಿಗೂ ಸಿಗಬೇಕು ಅಂತ. 2019ರ ಸಮಯ ಬಳಕೆ ಸಮೀಕ್ಷೆಯ ಲೆಕ್ಕವೂ ಅದರಲ್ಲಿದೆ: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97. ನಿಮ್ಮ ವಕೀಲರಿಗೆ ಈ ತೀರ್ಪು ತಪ್ಪದೆ ಹಾಜರುಪಡಿಸಲು ಹೇಳಿ.

ರಸ್ತೆ ಇಂಜಿನಿಯರ್:
ಅಮೆರಿಕದ ಲೆಕ್ಕ ನಿಜ, ಆದರೆ ಅದು ಪರಿಹಾರದ ಹಣ ಅಲ್ಲ. ಅಲ್ಲಿನ ಸಾರಿಗೆ ಇಲಾಖೆ 2023ಕ್ಕೆ ಇಟ್ಟುಕೊಂಡ ಅಂಕಿ 1.32 ಕೋಟಿ ಡಾಲರ್, ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ 110 ಕೋಟಿ. ರಸ್ತೆ ನಡುವೆ ತಡೆಗೋಡೆ ಕಟ್ಟಬೇಕಾ, ಕಾರಿಗೆ ಹೊಸ ಸುರಕ್ಷತಾ ನಿಯಮ ತರಬೇಕಾ ಅಂತ ತೀರ್ಮಾನಿಸುವಾಗ, ಇದರಿಂದ ಎಷ್ಟು ಜೀವ ಉಳಿಯುತ್ತೆ, ಖರ್ಚೆಷ್ಟು ಅಂತ ತೂಗುವುದಕ್ಕೆ ಆ ಅಂಕಿ. ಜನ ಅಪಾಯ ತಗ್ಗಿಸಿಕೊಳ್ಳಲು ಎಷ್ಟು ಕೊಡಲು ತಯಾರು ಎಂಬುದರಿಂದ ಅದು ಹುಟ್ಟುತ್ತದೆ. ಸಾವಿನ ಅಪಾಯ ಲಕ್ಷದಲ್ಲಿ ಒಂದರಷ್ಟು ಕಡಿಮೆಯಾಗಲು ಲಕ್ಷ ಜನ ತಲಾ 1,000 ರೂಪಾಯಿ ಕೊಟ್ಟರೆ, ಅವರೆಲ್ಲ ಸೇರಿ ಒಂದು ಜೀವಕ್ಕೆ ಹತ್ತು ಕೋಟಿ ಬೆಲೆ ಕಟ್ಟಿದಂತೆ.

ಇಲ್ಲಿ ಒಂದು ಒಳ್ಳೆ ಗುಣ ಇದೆ. ಆ ಇಲಾಖೆಗೆ ಕೋಟ್ಯಧಿಪತಿಯೂ ಒಂದೇ, ಗೃಹಿಣಿಯೂ ಒಂದೇ. ಯಾರು ಸಾಯುತ್ತಾರೋ ಇನ್ನೂ ಗೊತ್ತಿಲ್ಲವಲ್ಲ. ಅಲ್ಲಿನ ಪರಿಸರ ಸಂಸ್ಥೆ ಒಂದು ವಿಶ್ಲೇಷಣೆಯಲ್ಲಿ ಎಪ್ಪತ್ತು ದಾಟಿದವರ ಜೀವಕ್ಕೆ 37% ಕಡಿಮೆ ಹಾಕಿ ನೋಡಿತ್ತು. 2003ರಲ್ಲಿ ವಯಸ್ಸಾದವರು ಸಿಡಿದೆದ್ದರು, ಸಂಸ್ಥೆ ಕೈಬಿಟ್ಟಿತು. ಸತ್ತ ಮೇಲೆ ಕೊಡುವ ಹಣದಲ್ಲಿ ಮಾತ್ರ ಅಲ್ಲೂ ಸಂಬಳ ನೋಡುತ್ತಾರೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹಣ ಹಂಚಿದ ಕೆನೆತ್ ಫೈನ್‌ಬರ್ಗ್, ಕಾನೂನು ಹೇಳಿದಂತೆ ಕೆಲವರಿಗೆ ಎರಡೂವರೆ ಲಕ್ಷ ಡಾಲರ್, ಕೆಲವರಿಗೆ 71 ಲಕ್ಷ ಡಾಲರ್ ಕೊಟ್ಟರು. ಆಮೇಲೆ ಅವರೇ, ಎಲ್ಲರಿಗೂ ಸಮ ಕೊಡಬೇಕಿತ್ತು ಅಂದರು.

ಕಡಲ ತಡಿಯವಳು:
ನಮ್ಮ ಮಂಗಳೂರಲ್ಲೂ ಇದನ್ನು ನೋಡಿದ್ದೇವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅಪಘಾತಕ್ಕೀಡಾಗಿ 158 ಜನ ತೀರಿಹೋದರು. ಒಂದೇ ವಿಮಾನ, ಒಂದೇ ಕ್ಷಣ. ದೊಡ್ಡ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ ಏಳೂವರೆ ಕೋಟಿಗೂ ಜಾಸ್ತಿ ಕೊಡಿಸಿತು. ಅವರಿಗೆ ಸಿಕ್ಕಿದ್ದು ತಪ್ಪು ಅಂತ ನಾನು ಹೇಳಲ್ಲ, ಆ ಸಂಬಳ ನಂಬಿಕೊಂಡ ಮನೆ ಅದು. ಆದರೆ ಪಕ್ಕದ ಸೀಟಿನಲ್ಲಿ ಚಿಕ್ಕ ಸಂಬಳಕ್ಕೆ ಹೋಗಿ ಬರುತ್ತಿದ್ದವರ ಮನೆಯಲ್ಲೂ ಅಷ್ಟೇ ದೊಡ್ಡ ಖಾಲಿ ಜಾಗ ಅಲ್ವಾ? ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ ಕೇಂದ್ರ ಕೊಡುತ್ತಿದ್ದದ್ದು ಬರೀ 25,000. 2022ರ ಏಪ್ರಿಲ್‌ನಿಂದ 2 ಲಕ್ಷ ಮಾಡಿದರು. ಅದೂ ನನಗೆ ಸಾಲದು ಅನ್ನಿಸುತ್ತದೆ.

ಶಿರಾದ ತಮ್ಮ:
ಎಲ್ಲರಿಗೂ ಕೈ ಮುಗೀತೀನಿ. ಅಕ್ಕ, ಒಂದು ಪ್ರಶ್ನೆ. ಹಸು ಕರೆದು ಡೇರಿಗೆ ಹಾಲು ಹಾಕುತ್ತಿದ್ದದ್ದು ಅತ್ತಿಗೆನೇ. ಪಾಸ್‌ಬುಕ್ ಮಾತ್ರ ಅಣ್ಣನ ಹೆಸರಲ್ಲಿದೆ. ಉಪಯೋಗ ಆಗುತ್ತಾ?

ವಕೀಲಿ ಕೆಲಸದವಳು:
ಆಗುತ್ತೆ. ಪಾಸ್‌ಬುಕ್ ತನ್ನಿ, ಜೊತೆಗೆ ದಿನಾ ಅವರಿಂದ ಹಾಲು ಅಳೆದುಕೊಳ್ಳುತ್ತಿದ್ದ ಡೇರಿ ಕಾರ್ಯದರ್ಶಿಯನ್ನು ಸಾಕ್ಷಿಗೆ ಕರೆತನ್ನಿ. ಸ್ತ್ರೀಶಕ್ತಿ ಸಂಘದಲ್ಲಿ ಅವರ ಉಳಿತಾಯದ ಪುಸ್ತಕ ಇದ್ದರೆ ಅದನ್ನೂ ತನ್ನಿ. ಮುಂದಿನ ದಿನಾಂಕದ ಒಳಗೆ ಕೊಟ್ಟುಬಿಡಿ.