ಬೋರಿನ ನೀರಾಗ ಆರ್ಸೆನಿಕ್ ಬಂದೈತ್ರಿ, ಕುದಿಸಿದ್ರ ಹೋಗ್ತೈತೇನು?

ಪ್ರಶ್ನೆ (ಮುಂಡರಗಿ ತಾಲೂಕು):
ನಮಸ್ಕಾರ್ರಿ. ನಮ್ದು ಕಪ್ಪತಗುಡ್ಡದ ಕಡೆ ಊರು. ಹೊಲದ ಬೋರಿನ ನೀರನ್ನ ಮನಿಗೂ ಎಳ್ದೀವಿ. ಈ ಭಾಗದಾಗ ಫ್ಲೋರೈಡ್ ಕಾಟ ಗೊತ್ತಿದ್ದದ್ದ, ಅದನ್ನ ನೋಡೂಣಂತ ಧಾರವಾಡದಾಗ ಲ್ಯಾಬಿಗೆ ಕೊಟ್ವಿ. ಫ್ಲೋರೈಡ್ 0.8, ಪಾರಾದ್ವಿ ಅಂದ್ಕೊಂಡೆ. ಅದರ ಕೆಳಗಿನ ಸಾಲಿನಾಗ ಆರ್ಸೆನಿಕ್ ಲೀಟರಿಗೆ 0.03 ಮಿಲಿಗ್ರಾಂ! ಅವತ್ತಿಂದ ನಮ್ಮವ್ವ ದೊಡ್ಡ ಬೋಗಾಣಿ ನೀರು ಕುದಿಸಿ ಅರ್ಧಕ್ಕ ಇಳಿಸಾಕತ್ತಾಳ. ಮನ್ಯಾಗ ಮೂರು ವರ್ಷದ ಕೂಸೈತಿ. ಏನ್ ಮಾಡ್ಲಿ?

ಉತ್ತರ 1 (ಹುಬ್ಬಳ್ಳಿ):
ಆರ್‌ಓ ಹಾಕಸ್ರಿ, ಮುಗೀತು.

ಉತ್ತರ 2 (ಗದಗ):
ಮೊದ್ಲ ಅವ್ವಾರಿಗೆ ಒಲಿ ಆರಸಾಕ ಹೇಳ್ರಿ. ಆರ್ಸೆನಿಕ್ ಉಗಿ ಜೋಡಿ ಹೋಗೂದಿಲ್ಲ. ನೀರು ಅರ್ಧ ಆದ್ರ 0.03 ಇದ್ದದ್ದು 0.06 ಆಕ್ಕೈತಿ. ಮಿತಿ ಇರೂದು 0.01.

ನೀರಿನ ಘಟಕ ರಿಪೇರಿ ನನ್ನ ಹೊಟ್ಟಿಪಾಡು. ‘ಆರ್‌ಓ, ಮುಗೀತು’ ಅನ್ನೂದು ಅರ್ಧ ಖರೆ. ನೀರಾಗಿನ ಆರ್ಸೆನಿಕ್ಕಿನಾಗ ಎರಡು ಜಾತಿ, ರಸಾಯನದವರು ಆರ್ಸೆನಿಕ್-3, ಆರ್ಸೆನಿಕ್-5 ಅಂತಾರ; ನಾವು ಮೂರರದು, ಐದರದು ಅನ್ನೂಣು. ಗಾಳಿ ಕಾಣದ ಆಳದ ನೀರಾಗ ಬಹಳ ಸಲ ಮೂರರದ ಜಾಸ್ತಿ. ಅದು ಆರ್‌ಓ ಮೆಂಬ್ರೇನಿನಾಗ (ನೀರು ಸೋಸೂ ತೆಳು ಪದರದಾಗ) ಒಂದಿಷ್ಟು ನುಸುಳ್ತೈತಿ, ಆರ್ಸೆನಿಕ್ ಹಿಡಿಯೂ ಕಬ್ಬಿಣದ ಹರಳಿಗೂ ನೆಟ್ಟಗ ಅಂಟೂದಿಲ್ಲ. ಮೊದ್ಲ ಕ್ಲೋರಿನ್ ಕೊಟ್ಟು ಅದನ್ನ ಐದರದು ಮಾಡ್ಬೇಕು. ಆದ್ರ ಅದೇ ಕ್ಲೋರಿನ್ ಮೆಂಬ್ರೇನ್ ತಿಂದ್ಹಾಕ್ತೈತಿ, ನಡುವ ಕ್ಲೋರಿನ್ ತಗಿಯೂ ಕಾರ್ಬನ್ ಫಿಲ್ಟರ್ ಬೇಕ ಬೇಕು.

ಒಂದೂರಾಗ ಮಾರಾಟದವ ಟಿಡಿಎಸ್ ಪೆನ್ನು ಅದ್ದಿ ‘40 ಐತ್ರಿ, ಅಮೃತ’ ಅಂದ. ಆ ಪೆನ್ನು ಲೀಟರಿಗೆ ನೂರಾರು ಮಿಲಿಗ್ರಾಂ ಉಪ್ಪು ಅಳೆಯೂದು. 0.03 ಅದಕ್ಕೆಲ್ಲಿ ಕಾಣಬೇಕ್ರಿ?

ನನ್ನ ಕೇಳಿದ್ರ, ಬರೇ ಆರ್ಸೆನಿಕ್ ಕಾಟ ಇದ್ರ ಆರ್‌ಓ ಬ್ಯಾಡ, ಕ್ಲೋರಿನ್ ಕೊಟ್ಟು ಕಬ್ಬಿಣದ ಹರಳಿನ ಫಿಲ್ಟರ್ ಹಾಕಿದ್ರ ಸಾಕು, ನೀರೂ ಪೋಲಾಗೂದಿಲ್ಲ. ಆದ್ರ ಹರಳು ತುಂಬಿದ ಮ್ಯಾಲೆ ಆರ್ಸೆನಿಕ್ ಹಿಡಿಯದ ಸುಮ್ನ ಬಿಟ್ ಬಿಡ್ತೈತಿ, ರುಚಿ ಬಣ್ಣ ಏನೂ ಬದಲಾಗೂದಿಲ್ಲ. ಆಗಾಗ ಲ್ಯಾಬಿಗೆ ಕೊಡ್ತಿರಬೇಕು. ಹಳೇ ಹರಳು ತಿಪ್ಪಿಗೆ ಒಗೀಬ್ಯಾಡ್ರಿ, ಗೊಬ್ಬರದ ಜೋಡಿ ಹೊಲಕ್ಕ ಹೊಕ್ಕೈತಿ. ಮಾರಿದವ್ನ ವಾಪಸ್ ಒಯ್ಯಬೇಕಂತ ಬರಸ್ಕೊಳ್ರಿ.

ರೊಕ್ಕ ಹಾಕೂ ಮೊದ್ಲ ಇನ್ನೊಂದು ಸಲ ಟೆಸ್ಟ್ ಮಾಡಸ್ರಿ, ಬಾಟ್ಲಿ ಲ್ಯಾಬಿಂದನ ತರ್ರಿ. ಅಲ್ಲೀತನಾ ಕೂಸಿಗೆ ಬ್ಯಾರೆ ನೀರು.

ಕೇಳಿದವರು:
ಜಳಕಕ್ಕ ನಡೀತೈತಲ್ರಿ? ಅಡಗಿಗೆ?

ಉತ್ತರ 2:
ಜಳಕ, ಅರಬಿ, ಭಾಂಡೆ ನಡೀತೈತಿ, ಚರ್ಮದಾಗ ಅಷ್ಟು ಇಳಿಯೂದಿಲ್ಲ. ಅಡಗಿಗೆ ಬ್ಯಾಡ. ಅನ್ನ, ಬ್ಯಾಳಿ ಅಷ್ಟ ಅಲ್ಲ, ರೊಟ್ಟಿ ಹಿಟ್ಟಿಗೆ ಹಾಕೂ ಎಸರೂ ಲೆಕ್ಕಕ್ಕ ಬರ್ತೈತಿ. ಅದನ್ನ ಎಲ್ಲಾರೂ ಮರೀತಾರ.

ಕೇಳಿದವರು:
ಎಸರಿಂದು ನಮಗ ಹೊಳದಿದ್ದಿಲ್ರಿ. ಅವ್ವ ‘ಎರಡು ಹೊರಿ ಕಟಗಿ ಸುಟ್ಟೆನಲ್ಲೋ’ ಅಂತ ನನಗ ಬೈಯಾಕತ್ತಾಳ. ಸೋಮವಾರ ಬಾಟ್ಲಿ ತರ್ತೀನಿ.