ಮುಳುಗಿದ ಊರು ಮೇಲಿನಿಂದ ಕಾಣಿಸುವುದಿಲ್ಲ ಚಿಕ್ಕಮ್ಮ, ಆದರೂ ಹೋಗಿ

ಚಿಕ್ಕಮ್ಮ, ನಿಮ್ಮ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ವಿಷಯ ಅಲ್ಲ, ಅದಕ್ಕೆ ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ. ಉದ್ದ ಆಗುತ್ತದೆ, ಗ್ರೂಪಿನಲ್ಲಿ ಉಳಿದವರು ಬೈಯಬೇಡಿ. ಫೆಬ್ರವರಿಯಲ್ಲಿ ನೀವಿಬ್ಬರು ನ್ಯೂಜೆರ್ಸಿಗೆ ಬಂದಾಗ ಅನು ಮೂರು ದಿನ ಜಮೈಕಾಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಕಿಂಗ್‌ಸ್ಟನ್ನಿನಲ್ಲಿ ನೋಡುವುದು ಏನಿದೆ, ಮುಳುಗಿದ ಊರನ್ನು ದೋಣಿಯಲ್ಲಿ ಕೂತು ನೋಡಬಹುದಾ, ನಮ್ಮಂಥ ಸಸ್ಯಾಹಾರಿಗಳು ತಿನ್ನುವುದು ಏನು ಅಂತ ಕೇಳಿದ್ದಿರಿ.

ಮೊದಲು ದೋಣಿಯ ವಿಷಯ. ಕಾಣಿಸುವುದಿಲ್ಲ. ಮೇಲಿನಿಂದ ನೋಡಿದರೆ ಬರೀ ಕಲಕಿದ ನೀರು. ಕೆಳಗೆ ಇಟ್ಟಿಗೆಯ ಗೋಡೆಗಳು ಇವೆ, ಆದರೆ ಜಾಸ್ತಿ ಭಾಗ ಹೂಳಿನಲ್ಲಿ ಹೂತುಹೋಗಿದೆ, ಅನುಮತಿ ಇಲ್ಲದೆ ಅಲ್ಲಿ ಧುಮುಕುವ ಹಾಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ಅದೇ ಆಸೆಯಲ್ಲಿ ಹೋಗಿ ಅರ್ಧ ಗಂಟೆ ಮುಖ ಚಿಕ್ಕದು ಮಾಡಿಕೊಂಡಿದ್ದೆ. ಆದರೆ ಮೂರು ದಿನದಲ್ಲಿ ನನಗೆ ಮನಸ್ಸಿಗೆ ಹತ್ತಿದ್ದು ಆ ಊರೇ. ಹೆಸರು ಪೋರ್ಟ್ ರಾಯಲ್.

ಜಾಗ ಹೇಗಿದೆ ಗೊತ್ತಾ? ಮಂಗಳೂರಿನ ಬೆಂಗ್ರೆ ನೆನಪು ಮಾಡಿಕೊಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಬಂದರಿನ ನೀರು, ನಡುವೆ ಸಪೂರ ಮರಳಿನ ಪಟ್ಟಿ. ಅದೇ ಥರ, ಆದರೆ ತುಂಬಾ ಉದ್ದ. ಅದಕ್ಕೆ ಪ್ಯಾಲಿಸೇಡೋಸ್ ಅನ್ನುತ್ತಾರೆ. ವಿಮಾನ ಇಳಿಯುವುದೂ ಆ ಪಟ್ಟಿಯ ಮೇಲೆಯೇ. ಅಲ್ಲಿಂದ ಒಂದು ಕಡೆಗೆ ಹೋದರೆ ಕಿಂಗ್‌ಸ್ಟನ್, ಇನ್ನೊಂದು ಕಡೆಗೆ ಪಟ್ಟಿಯ ತುದಿಯಲ್ಲಿ ಪೋರ್ಟ್ ರಾಯಲ್. ಹಾಗಾಗಿ ನನ್ನ ಸಲಹೆ, ವಾಪಸ್ ಹೊರಡುವ ದಿನ ಬೆಳಿಗ್ಗೆ ಚೀಲ ಕಟ್ಟಿಕೊಂಡೇ ಅಲ್ಲಿಗೆ ಹೋಗಿ, ನೋಡಿಕೊಂಡು ಹಾಗೆಯೇ ಏರ್‌ಪೋರ್ಟಿಗೆ. ನಾವು ನಗರದಿಂದ ಹೋಗಿ ಮತ್ತೆ ನಗರಕ್ಕೆ ಬಂದೆವು, ಸುಮ್ನೆ ಎರಡು ಸಲ ಅದೇ ದಾರಿ. ಅದರ ಮೇಲೆ, ಮಧ್ಯಾಹ್ನ ಬರುತ್ತೇನೆ ಅಂದಿದ್ದ ಟ್ಯಾಕ್ಸಿಯವನು ಬರಲೇ ಇಲ್ಲ. ಒಂದೂವರೆ ಗಂಟೆ ಬಿಸಿಲಿನಲ್ಲಿ ಕಾದೆವು. ನೀವು ಗಾಡಿಯನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಿ, ಹಣ ಪೂರ್ತಿ ಮೊದಲೇ ಕೊಡಬೇಡಿ.

ಈಗ ಕಥೆ. 1692ರ ಹೊತ್ತಿಗೆ ಅದು ಇಂಗ್ಲಿಷರ ದೊಡ್ಡ ವ್ಯಾಪಾರದ ಊರು, ಸುಮಾರು 6,500 ಜನ. ಕಡಲುಗಳ್ಳರ ಊರು ಅಂತ ಎಲ್ಲ ಕಡೆ ಬಣ್ಣ ಹಚ್ಚಿ ಹೇಳುತ್ತಾರೆ, ನಿಜ. ಆದರೆ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಇಳಿಸಿ ಮಾರುತ್ತಿದ್ದ ಬಂದರೂ ಅದೇ. ಗೈಡುಗಳು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿ ಮತ್ತೆ ಕಳ್ಳರ ಕಥೆಗೆ ಓಡುತ್ತಾರೆ, ನನಗೆ ಅದು ಸರಿ ಕಾಣಲಿಲ್ಲ. ಇರಲಿ. ದುಡ್ಡು ಬಂತು, ಮರಳಿನ ಮೇಲೆಯೇ ಒತ್ತೊತ್ತಾಗಿ ಇಟ್ಟಿಗೆಯ ಮಹಡಿ ಮನೆಗಳು ಎದ್ದವು. ಆ ವರ್ಷ ಜೂನ್ 7ರಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಭೂಮಿ ನಡುಗಿತು. ನೀವು ಪಣಂಬೂರಿನಲ್ಲಿ ಒದ್ದೆ ಮರಳಿನ ಮೇಲೆ ನಿಂತು ಪಾದ ಅಲುಗಿಸಿದರೆ ಕಾಲು ಕುಸಿಯುತ್ತದಲ್ಲ, ನೀರು ಮೇಲೆ ಬರುತ್ತದಲ್ಲ? ಊರಿಗೆ ಊರೇ ಹಾಗೆ ಇಳಿಯಿತು. ಮೂರನೇ ಎರಡು ಭಾಗ ಕಡಲಿಗೆ ಹೋಯಿತು. ಆ ದಿನವೇ ಸತ್ತವರು ಸುಮಾರು 2,000, ಆಮೇಲೆ ಕಾಯಿಲೆಯಲ್ಲಿ ಇನ್ನೂ ಅಷ್ಟು ಜನ.

1959ರಲ್ಲಿ ನೀರಿನಡಿ ಹುಡುಕಿದವರಿಗೆ ಒಂದು ಜೇಬು ಗಡಿಯಾರ ಸಿಕ್ಕಿತು. ಮುಳ್ಳುಗಳು ತುಕ್ಕು ಹಿಡಿದು ಕರಗಿಹೋಗಿದ್ದವು. ಎಕ್ಸ್‌ರೇ ತೆಗೆದರೆ ಮುಳ್ಳು ಇದ್ದ ಜಾಗದ ಗುರುತು ಮಾತ್ರ ಕಂಡಿತು. 11 ಗಂಟೆ 43 ನಿಮಿಷ. ಇದನ್ನು ಕೇಳಿಯೇ ನನಗೆ ಮುಖ ಚಿಕ್ಕದು ಮಾಡಿಕೊಂಡದ್ದು ಮರೆತುಹೋಯಿತು.

ಈಗ ಅಲ್ಲಿ ಉಳಿದಿರುವುದು ಒಂದು ಸಣ್ಣ ಮೀನುಗಾರರ ಊರು. ಬಲೆ ಒಣಗಿಸಿರುತ್ತಾರೆ, ಜೋರಾಗಿ ಹಾಡು ಹಾಕಿರುತ್ತಾರೆ. 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ಆದರೆ ಮೀನು ಮಾರುವ ಹೆಂಗಸರಿಗೆ ಅದರಿಂದ ಏನೂ ವ್ಯತ್ಯಾಸ ಆದ ಹಾಗೆ ಕಾಣಲಿಲ್ಲ. ಚಾರ್ಲ್ಸ್ ಕೋಟೆ ನೋಡಲೇಬೇಕು. ಒಂದು ಕಾಲದಲ್ಲಿ ಅದರ ಗೋಡೆಗೆ ಅಲೆ ಬಡಿಯುತ್ತಿತ್ತು, ಈಗ ಹೂಳು ತುಂಬಿ ಸುತ್ತ ನೆಲವೇ ಬಂದಿದೆ. ಆಮೇಲೆ ಇಂಗ್ಲಿಷರ ದೊಡ್ಡ ನೌಕಾಪಡೆ ಸೇನಾನಿಯಾದ ನೆಲ್ಸನ್, 1779ರಲ್ಲಿ ಇನ್ನೂ ಹುಡುಗನಾಗಿದ್ದಾಗ ಇಲ್ಲಿ ಅಧಿಕಾರಿಯಾಗಿದ್ದ, ಶತ್ರುವಿನ ಹಡಗು ಬರುತ್ತದೋ ಅಂತ ನೋಡುತ್ತಾ ಓಡಾಡಿದ ಕಟ್ಟೆಯನ್ನು ತೋರಿಸುತ್ತಾರೆ. ಊರಿನ ಜಾಸ್ತಿ ಭಾಗವನ್ನು ಕಡಲು ನುಂಗಿ, ಇನ್ನೊಂದು ಬದಿಯಲ್ಲಿ ನೆಲ ಕೊಟ್ಟ ಲೆಕ್ಕ ನೋಡಿ.

ಕೋಟೆಯ ಹಿಂದೆ ಒಂದು ಚಿಕ್ಕ ಕಟ್ಟಡ ಇದೆ, ಗಿಡ್ಡಿ ಹೌಸ್ ಅಂತ. 1880ರ ದಶಕದ ಮದ್ದುಗುಂಡಿನ ಉಗ್ರಾಣ. 1907ರ ಜನವರಿಯ ಭೂಕಂಪದಲ್ಲಿ ಅರ್ಧ ಮಣ್ಣಿಗಿಳಿದು ಓರೆಯಾಗಿ ನಿಂತುಬಿಟ್ಟಿತು. ಒಳಗೆ ಹೋದರೆ ಕಣ್ಣು ಗೋಡೆಯನ್ನು ನಂಬುತ್ತದೆ, ಕಾಲು ನೆಲವನ್ನು ನಂಬುತ್ತದೆ, ಎರಡಕ್ಕೂ ಜಗಳ. ನಾನು ನೇರ ನಿಂತಿದ್ದೇನೆ ಅಂದುಕೊಂಡು ತೆಗೆಸಿಕೊಂಡ ಫೋಟೋದಲ್ಲಿ ಕುಡಿದವನ ಹಾಗೆ ವಾಲಿದ್ದೇನೆ. ಚಿಕ್ಕಪ್ಪನಿಗೆ ತಲೆಸುತ್ತು ಇದೆಯಲ್ಲ, ಅವರು ಬಾಗಿಲಲ್ಲೇ ನಿಲ್ಲಲಿ. ಸೇಂಟ್ ಪೀಟರ್ಸ್ ಚರ್ಚಿನ ಅಂಗಳದಲ್ಲಿ ಲೂಯಿಸ್ ಗಾಲ್ಡಿ ಅನ್ನುವ ಫ್ರೆಂಚ್ ವ್ಯಾಪಾರಿಯ ಸಮಾಧಿ ಇದೆ. 1692ರಲ್ಲಿ ಭೂಮಿ ಅವನನ್ನು ನುಂಗಿತು, ಇನ್ನೊಂದು ನಡುಕಕ್ಕೆ ಕಡಲಿಗೆ ಉಗುಳಿತು, ದೋಣಿ ಬರುವವರೆಗೆ ಈಜುತ್ತಿದ್ದ ಅಂತ ಕಲ್ಲಿನ ಮೇಲೇ ಬರೆದಿದೆ. 1739ರವರೆಗೆ ಬದುಕಿದ. ಅಷ್ಟು ದೊಡ್ಡ ಜೀವದಾನ ಸಿಕ್ಕ ಮೇಲೆ ಮಾಡಿದ್ದು ಗುಲಾಮರ ವ್ಯಾಪಾರ! ಅದು ಕಲ್ಲಿನ ಮೇಲೆ ಇಲ್ಲ.

ಬದುಕಿ ಉಳಿದವರು ಬಂದರಿನ ಆಚೆ ದಡಕ್ಕೆ ಹೋಗಿ ಡೇರೆ ಹಾಕಿದರು, ಅದೇ ಕಿಂಗ್‌ಸ್ಟನ್. 1872ರಲ್ಲಿ ರಾಜಧಾನಿಯೂ ಆಯಿತು. ಅಲ್ಲಿ ರೆಗೆ ಹಾಡುಗಾರ ಬಾಬ್ ಮಾರ್ಲಿ ಮನೆಯನ್ನು ಹುಡುಗರು ಬಿಡುವುದಿಲ್ಲ, ಹೋಗಿಬನ್ನಿ. ಡೆವನ್ ಹೌಸ್ 1881ರ ಬಂಗಲೆ, ಕಟ್ಟಿಸಿದವನು ಜಮೈಕಾದ ಮೊದಲ ಕಪ್ಪು ಕೋಟ್ಯಧಿಪತಿ ಜಾರ್ಜ್ ಸ್ಟೀಬೆಲ್. ಬಂಗಲೆಗಿಂತ ಅಂಗಳದ ಐಸ್‌ಕ್ರೀಮಿಗೆ ಕ್ಯೂ ಜಾಸ್ತಿ. ಉಳಿಯುವುದು ನ್ಯೂ ಕಿಂಗ್‌ಸ್ಟನ್ ಕಡೆ ಇರಲಿ. ಹಳೇ ಪೇಟೆಯನ್ನು ಹಗಲಲ್ಲಿ ನೋಡಿ, ಕತ್ತಲಾದ ಮೇಲೆ ಅಲ್ಲಿ ನಡೆಯುವುದು ಬೇಡ. ಟ್ಯಾಕ್ಸಿಗೆ ಕೆಂಪು ನಂಬರ್ ಪ್ಲೇಟ್ ಇರಬೇಕು.

ಚಿಕ್ಕಪ್ಪನಿಗೆ ಮಾತ್ರ ಸಬೀನಾ ಪಾರ್ಕ್ ಕ್ರಿಕೆಟ್ ಮೈದಾನ ತೋರಿಸಲೇಬೇಕು. ಪಂದ್ಯ ಇರಲಿಲ್ಲ, ನಾನು ಗೇಟಿನಿಂದ ಇಣುಕಿ ಬಂದೆ. 1976ರ ಟೆಸ್ಟ್‌ನಲ್ಲಿ ನಮ್ಮ ವಿಶಿಯ (ಜಿ.ಆರ್. ವಿಶ್ವನಾಥ್) ಬೆರಳು ಮುರಿದದ್ದು, ಬ್ರಿಜೇಶ್ ಪಟೇಲರ ಬಾಯಿಗೆ ಚೆಂಡು ಬಡಿದದ್ದು ಅಲ್ಲಿಯೇ. ಆಡಲು ಜನ ಇಲ್ಲದೆ ಭಾರತದ ಇನಿಂಗ್ಸ್ 97ಕ್ಕೆ ನಿಂತಿತು. 2006ರಲ್ಲಿ ಅದೇ ಅಂಗಳದಲ್ಲಿ ದ್ರಾವಿಡ್ 81, 68 ಹೊಡೆದು, ಕುಂಬ್ಳೆ ಕೊನೆಗೆ ಆರು ವಿಕೆಟ್ ಕಿತ್ತು ಸರಣಿ ಗೆದ್ದರು. ವೆಸ್ಟ್ ಇಂಡೀಸಿನಲ್ಲಿ 35 ವರ್ಷದ ಮೇಲೆ ಸಿಕ್ಕ ಸರಣಿ. ನಮ್ಮ ಇನ್ನೊಬ್ಬ ಡ್ರೈವರ್‌ಗೆ 1976ರದ್ದು ಮಾತ್ರ ನೆನಪಿತ್ತು!

ಊಟಕ್ಕೆ ಹೆದರಬೇಡಿ. ಕಲಲೂ ಅಂತ ಕೇಳಿ, ಬರುವುದು ನಮ್ಮ ಹರಿವೆ ಸೊಪ್ಪಿನ ಪಲ್ಯವೇ, ಈರುಳ್ಳಿ ಟೊಮೆಟೊ ಹಾಕಿ ಮಾಡಿರುತ್ತಾರೆ. ಮೀನು ಹಾಕದೆ ಕೊಡಿ ಅಂತ ಮಾತ್ರ ಒತ್ತಿ ಹೇಳಬೇಕು, ಆಕಿ ಅನ್ನುವ ಹಣ್ಣಿನ ಪಲ್ಯಕ್ಕೂ ಅಷ್ಟೆ. ಬ್ಯಾಮಿ ಅಂದರೆ ಮರಗೆಣಸಿನ ರೊಟ್ಟಿ, ತೆಂಗಿನ ಹಾಲಿನಲ್ಲಿ ನೆನೆಸಿ ಕಾಯಿಸಿದ್ದು. ರಸ್ತಾಫಾರಿ ಅನ್ನುವ ಅಲ್ಲಿನ ಧರ್ಮದವರ ಐಟಲ್ ಹೋಟೆಲಿನಲ್ಲಿ ಮಾಂಸವೇ ಇಲ್ಲ, ಉಪ್ಪೂ ಕಡಿಮೆ, ಉಪ್ಪಿನಕಾಯಿ ಚೀಲದಲ್ಲಿ ಇರಲಿ. ಕರಿ ಮತ್ತು ರೋಟಿ ಅಲ್ಲಿಯೂ ಇದೆ. 1845ರ ಮೇ 10ರಂದು ಓಲ್ಡ್ ಹಾರ್ಬರ್ ಬೇಯಲ್ಲಿ ಕಬ್ಬಿನ ತೋಟದ ಕೂಲಿಗೆ ಇಳಿದ ನಮ್ಮ ದೇಶದವರಿಂದ ಬಂದದ್ದು.

ಆದರೆ ನೀವು ಕುಣಿಯುವುದು ಜೀಗುಜ್ಜೆ ನೋಡಿ. ಹೌದು, ನಮ್ಮ ಹಿತ್ತಲಿನ ಜೀಗುಜ್ಜೆ, ಇಂಗ್ಲಿಷಿನಲ್ಲಿ ಬ್ರೆಡ್‌ಫ್ರೂಟ್! 1793ರಲ್ಲಿ ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಹಡಗಿನಲ್ಲಿ ಗಿಡ ತಂದದ್ದು. ರಸ್ತೆ ಬದಿಯಲ್ಲಿ ಇಡೀ ಕಾಯಿಯನ್ನು ಕೆಂಡದ ಮೇಲೆ ಕರ್ರಗೆ ಸುಡುತ್ತಾರೆ. ಸಿಪ್ಪೆ ಹೆರೆದರೆ ಒಳಗೆ ಹಳದಿ, ಹೊಗೆಯ ಪರಿಮಳ. ಬೆಣ್ಣೆ ಸವರಿ ಕೊಟ್ಟರು. ಪೋಡಿ ಬಿಟ್ಟರೆ ನನಗೆ ಅದೇ ಇಷ್ಟ ಆದದ್ದು, ಈ ಮಾತು ಅಮ್ಮನಿಗೆ ಹೇಳಬೇಡಿ, ಅಯ್ಯೋ, ಅಮ್ಮ ಇದೇ ಗ್ರೂಪಿನಲ್ಲಿ ಇದ್ದಾರಲ್ವಾ.

ಬರುವಾಗ ಹಲಸಿನ ಹಪ್ಪಳ ಎರಡು ಕಟ್ಟು ತನ್ನಿ ಚಿಕ್ಕಮ್ಮ. ಹೋದ ಸಲದ್ದು ಖಾಲಿ.